ಸಂಘದ ಸಮ್ಮೇಳನ ನಡೆಸುವುದು ಹೇಗೆ? ಮೊದಲು ಪಂಚಾಂಗ ತೆಗೆಯಿರಿ

ವೈದ್ಯರ ಸಂಘವೊಂದರ ಕಾರ್ಯಕ್ರಮ ವ್ಯವಸ್ಥೆಯ ಕೆಲಸಕ್ಕೆ ಸೇರಿದಾಗ ನಾನು ಮೊದಲು ಹುಡುಕಿದ್ದು ಹಿಂದಿನ ವರ್ಷದ ಕಡತವನ್ನು. ಸಿಕ್ಕಿದ್ದು ಒಂದು ಆಮಂತ್ರಣ ಪತ್ರಿಕೆ ಮತ್ತು ಪಾವತಿಯಾಗದ ಶಾಮಿಯಾನದ ಬಿಲ್ಲು. ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಅವರ ಜೊತೆಗೆ ನೆನಪೂ ಹೊರಟುಹೋಗುತ್ತದೆ. ಇದು ಮದುವೆ ಮನೆಯ ಕೆಲಸವೇ. ಆದರೆ ಇಲ್ಲಿ ಚಂದಾ ಕಟ್ಟಿದ ಪ್ರತಿಯೊಬ್ಬರೂ ಯಜಮಾನರು, ಪ್ರತಿಯೊಬ್ಬರೂ ಬೀಗರು.

ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ಮುಹೂರ್ತವಿರುವ ಭಾನುವಾರ ಕಲ್ಯಾಣ ಮಂಟಪ ಸಿಗುವುದಿಲ್ಲ, ಸಿಕ್ಕರೂ ಅರ್ಧದಷ್ಟು ಸದಸ್ಯರು ಬೇರೆ ಊರಿನ ಆರತಕ್ಷತೆಯಲ್ಲಿರುತ್ತಾರೆ. ಆಷಾಢದಲ್ಲಿ ಮಂಟಪಗಳು ಖಾಲಿ, ಬಾಡಿಗೆಯಲ್ಲೂ ಚೌಕಾಸಿ ನಡೆಯುತ್ತದೆ. ಆದರೆ ಅದು ಡೆಂಗಿಯ ಕಾಲವೂ ಹೌದು, ವೈದ್ಯರು ಕ್ಲಿನಿಕ್ ಬಿಟ್ಟು ಬರುವುದು ಕಷ್ಟ. ಪಿತೃಪಕ್ಷ ವಾಸಿ ಎಂಬುದು ನನ್ನ ಅನುಭವ.

ಮುಂದಿನದು ಕ್ರೆಡಿಟ್ ಅಂಕಗಳ ಅರ್ಜಿ. ವೈದ್ಯರು 5 ವರ್ಷಗಳಲ್ಲಿ 30 ಗಂಟೆಗಳ ಮುಂದುವರಿಕೆ ಶಿಕ್ಷಣ ಪಡೆಯಬೇಕು, ಮಾನ್ಯತೆ ಪಡೆದ ಸಮ್ಮೇಳನದ ಉಪನ್ಯಾಸಗಳು ಕ್ರೆಡಿಟ್ ಅಂಕಗಳಾಗಿ ಈ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ವೈದ್ಯರ ನೋಂದಣಿ ನೋಡಿಕೊಳ್ಳುವ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇಲ್ಲದ ಸಮ್ಮೇಳನಕ್ಕೆ ಜನ ಬರುವುದು ಊಟಕ್ಕೆ ಮಾತ್ರ. ಉಪನ್ಯಾಸಗಳ ವೇಳಾಪಟ್ಟಿಯೊಂದಿಗೆ ಮುಂಚಿತವಾಗಿಯೇ ಅರ್ಜಿ ಹಾಕಿ. ಪರಿಷತ್ತಿನ ವೀಕ್ಷಕರು ಬರುವುದರಿಂದ ಹಾಜರಿ ಪುಸ್ತಕ ಅಚ್ಚುಕಟ್ಟಾಗಿರಬೇಕು. ಬೆಳಿಗ್ಗೆ ಸಹಿ ಹಾಕಿ ಹನ್ನೊಂದಕ್ಕೆ ಸೀರೆ ಅಂಗಡಿಯಲ್ಲಿ ಕಾಣಿಸಿಕೊಳ್ಳುವ ಸದಸ್ಯರು ಎಲ್ಲ ಊರಿನಲ್ಲೂ ಇದ್ದಾರೆ. ಇದಕ್ಕೆ ನಾನು ಕಂಡುಕೊಂಡ ಮದ್ದು ಎರಡು: ಎಲ್ಲರೂ ಕೇಳಬಯಸುವ ಉಪನ್ಯಾಸಕರನ್ನು ಊಟದ ನಂತರಕ್ಕೆ ಇಡುವುದು, ಪ್ರಮಾಣಪತ್ರವನ್ನು ಸಂಜೆಯ ಕಾಫಿಯ ಮೇಜಿನ ಮೇಲಷ್ಟೇ ಕೊಡುವುದು.

ಹಣದ ವಿಷಯ. ಔಷಧ ಕಂಪನಿಗಳಿಗೆ ಮಳಿಗೆ ಕೊಡಬಹುದು. ಆದರೆ ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಔಷಧ ಮಾರಾಟದ ನೀತಿ ಸಂಹಿತೆಯ ಪ್ರಕಾರ, ಉಪನ್ಯಾಸಕರಲ್ಲದ ವೈದ್ಯರ ಪ್ರಯಾಣ ಮತ್ತು ಹೋಟೆಲ್ ವೆಚ್ಚವನ್ನು ಕಂಪನಿಗಳು ಭರಿಸುವಂತಿಲ್ಲ. ಮಳಿಗೆ ಬಾಡಿಗೆಗೆ ಶೇ 18ರ ಜಿಎಸ್‌ಟಿ ಪ್ರತ್ಯೇಕ ಎಂದು ಮೊದಲ ಪತ್ರದಲ್ಲೇ ಬರೆಯಿರಿ. ಆಮೇಲೆ ಹೇಳಿದರೆ ‘ಎಲ್ಲ ಸೇರಿಸಿಯೇ ಒಪ್ಪಿದ್ದು’ ಎಂಬ ವಾದ ಶುರುವಾಗುತ್ತದೆ.

ಆಮಂತ್ರಣ ಪತ್ರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಸರುಗಳ ಅನುಕ್ರಮ, ಇನಿಷಿಯಲ್, ಪದವಿ ಇವುಗಳಲ್ಲಿ ಒಂದು ತಪ್ಪಿದರೂ ವರ್ಷವಿಡೀ ಕೇಳಿಸಿಕೊಳ್ಳಬೇಕು. ಒಮ್ಮೆ ನಾನು ಮಾಜಿ ಅಧ್ಯಕ್ಷರೊಬ್ಬರ ಹೆಸರಿನ ಹಿಂದಿನ ‘ಡಾ.’ ಬಿಟ್ಟಿದ್ದೆ. ಅವರು ಬಂದರು, ಮೊದಲ ಸಾಲಿನಲ್ಲೇ ಕುಳಿತರು, ಸನ್ಮಾನಕ್ಕೆ ಕರೆದಾಗ ಏಳಲಿಲ್ಲ. ಅಂದಿನಿಂದ ಕರಡಿನ ಮೇಲೆ ಕಾರ್ಯದರ್ಶಿಯವರ ಸಹಿ ಬೀಳದೆ ಮುದ್ರಣಾಲಯಕ್ಕೆ ಕಳುಹಿಸುವುದಿಲ್ಲ. ಸನ್ಮಾನಕ್ಕೆ ಪೇಟ, ಶಾಲು, ಹಣ್ಣಿನ ಬುಟ್ಟಿ ಪಟ್ಟಿಗಿಂತ ಎರಡೆರಡು ಹೆಚ್ಚಿರಲಿ. ವೇದಿಕೆ ಮೇಲೆ ಅನಿರೀಕ್ಷಿತ ಗಣ್ಯರು ಹುಟ್ಟಿಕೊಳ್ಳುತ್ತಾರೆ.

ಊಟಕ್ಕೆ ಎಷ್ಟು ಎಲೆ ಎಂದು ಹೇಳುವಾಗ ನೋಂದಣಿಯ ಸಂಖ್ಯೆಯನ್ನು ನಂಬಬೇಡಿ. ಚಾಲಕರು, ಮಳಿಗೆಯ ಹುಡುಗರು, ಧ್ವನಿವರ್ಧಕದವರು, ಸದಸ್ಯರ ಮನೆಮಂದಿ ಎಲ್ಲರೂ ಉಣ್ಣುವವರೇ. ಎಲೆ ಎಣಿಸುವಾಗ ಅಡುಗೆಯವರ ಪಕ್ಕದಲ್ಲಿ ಸಂಘದ ಒಬ್ಬರು ನಿಂತಿರಲಿ. ಜನರೇಟರಿಗೆ ಡೀಸೆಲ್ ಹಾಕಿದೆಯೇ ಎಂದು ನೀವೇ ಹೋಗಿ ನೋಡಿ.

ಮರುದಿನ ನಿದ್ದೆ ಮಾಡಿ. ಅದರ ಮರುದಿನ ಬಿಲ್ಲುಗಳನ್ನು ಚುಕ್ತಾ ಮಾಡಿ, ಹೊಸ ಕಡತ ತೆರೆದು ಬರೆಯಿರಿ: ಎಷ್ಟು ಎಲೆ ಹೇಳಿದ್ದು, ಎಷ್ಟು ಎದ್ದದ್ದು, ಯಾವ ಮೈಕ್ ಕೈಕೊಟ್ಟಿತು, ಯಾರ ಹೆಸರು ಬಿಟ್ಟುಹೋಯಿತು.