ದುಬೈಯಿಂದ ಕುಂದಾಪುರಕ್ಕೆ: ಇರಲು ಬಂದ ಮೇಲೆ

ದುಬೈಯಲ್ಲಿ ಹದಿನೈದು ವರ್ಷಕ್ಕೂ ಜಾಸ್ತಿ ಇದ್ದವನಿಗೆ ಊರು ಅಂದರೆ ವರ್ಷಕ್ಕೊಂದು ತಿಂಗಳ ರಜೆ. ಎಲ್ಲವೂ ಆ ಒಂದು ತಿಂಗಳಿಗೆ ತಕ್ಕ ಹಾಗೆ ಹೊಂದಿಕೊಂಡಿರುತ್ತದೆ. ಬ್ಯಾಂಕ್ ಖಾತೆ ಎನ್‌ಆರ್‌ಇ, ಅಂದರೆ ಹೊರದೇಶದಲ್ಲಿ ಇರುವವರಿಗೆ ಅಂತ ಇರುವ ಖಾತೆ. ಜಮೀನಿನ ಆರ್‌ಟಿಸಿ ತೀರಿಹೋದ ಅಪ್ಪನ ಹೆಸರಲ್ಲಿ. ತೋಟದ ಲೆಕ್ಕ ಅಣ್ಣನ ತಲೆಯಲ್ಲಿ. ಹೆಂಡತಿ ಮಕ್ಕಳ ಜೊತೆ ಕುಂದಾಪುರದ ಹತ್ತಿರದ ನಮ್ಮ ಊರಿಗೆ ವಾಪಸ್ ಬಂದಾಗ ನನ್ನ ಕೆಲಸ ಇದೇ ಆಯಿತು. ರಜೆಗೆ ಅಂತ ಮಾಡಿಕೊಂಡಿದ್ದ ಒಂದೊಂದನ್ನೂ ಇಲ್ಲೇ ಇರುವುದಕ್ಕೆ ಅಂತ ಬದಲಿಸಬೇಕಿತ್ತು. ನಾನು ಮಾಡಿದ್ದನ್ನು ಬರೆಯುತ್ತೇನೆ. ಗಲ್ಫ್‌ನಿಂದ ಹೊರಡಲು ಯೋಚಿಸುತ್ತಿರುವವರಿಗೆ ಉಪಯೋಗ ಆಗಬಹುದು.

ಅಲ್ಲಿನ ಕೆಲಸ ಅಲ್ಲೇ ಮುಗಿಯಬೇಕು. ಮೊದಲು ಹೆಂಡತಿ ಮಕ್ಕಳ ವೀಸಾ ಕ್ಯಾನ್ಸಲ್ ಆಗಬೇಕು, ಆಮೇಲೆ ನಮ್ಮದು. ಕ್ರೆಡಿಟ್ ಕಾರ್ಡ್ ಮುಚ್ಚಲು ಬ್ಯಾಂಕಿಗೆ ವಾರಗಟ್ಟಲೆ ಬೇಕು. ಹಾಗಾಗಿ ರಾಜೀನಾಮೆ ಕೊಡುವ ಮೊದಲೇ ಅದನ್ನು ಮುಚ್ಚಿ, ಏನೂ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಂಡೆ. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚುಯಿಟಿ ಲೆಕ್ಕ ಮೂಲ ಸಂಬಳದ ಮೇಲೆ ಮಾತ್ರ: ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಕೈಗೆ ಬರುವ ಒಟ್ಟು ಸಂಬಳ ಹಿಡಿದು ಲೆಕ್ಕ ಹಾಕಿದರೆ ದೊಡ್ಡ ಮೊತ್ತ ಕಾಣುತ್ತದೆ. ಆ ದುಡ್ಡು ನಂಬಿ ಊರಲ್ಲಿ ಮನೆ ಕೆಲಸ ಶುರು ಮಾಡಿ ಕಷ್ಟಪಟ್ಟವರನ್ನು ನೋಡಿದ್ದೇನೆ. ಅಲ್ಲಿನ ಸಿಮ್ ಮಾತ್ರ ಕೊನೆಯ ದಿರ್ಹಮ್ ಇಲ್ಲಿಗೆ ಬರುವ ತನಕ ಚಾಲೂ ಇಟ್ಟೆ. ಅದಿಲ್ಲದೆ ಓಟಿಪಿ ಇಲ್ಲ, ಓಟಿಪಿ ಇಲ್ಲದೆ ಹಣ ಇಲ್ಲ.

ಆರೋಗ್ಯ ವಿಮೆಯನ್ನು ಬರುವುದಕ್ಕೆ ತುಂಬಾ ಮೊದಲೇ ಮಾಡಿಸಿದೆ. ವೀಸಾ ಹೋದರೆ ಕಂಪನಿಯ ಇನ್ಶೂರೆನ್ಸ್ ಕೂಡ ಹೋಯಿತು. ಇಲ್ಲಿ ಹೊಸ ಪಾಲಿಸಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣ ಸಿಗುವುದಿಲ್ಲ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ನನಗೆ ಬಿಪಿ ಇದೆ. ರಜೆಯಲ್ಲಿ ಬಂದಾಗಲೇ ಪಾಲಿಸಿ ಮಾಡಿಸಿ, ಬಿಪಿಯನ್ನು ಮುಚ್ಚಿಡದೆ ಬರೆಸಿದೆ. ಆ ಕಾಯುವ ಕಾಲದ ಒಂದಷ್ಟು ಭಾಗ ದುಬೈಯಲ್ಲೇ ಕಳೆಯಿತು.

ಬಂದ ಮೇಲೆ ಮೊದಲು ಹೋದದ್ದು ಬ್ಯಾಂಕಿಗೆ. ಇರಲು ಅಂತ ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ಖಾತೆ ಮಾಡಿಸಲೇಬೇಕು, ಅದರ ಬಡ್ಡಿಗೆ ಆಗಿನಿಂದ ತೆರಿಗೆಯೂ ಇದೆ. ಸುಮ್ನೆ ಇದ್ದರೆ ಯಾರಿಗೆ ಗೊತ್ತಾಗುತ್ತೆ ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ದುಡಿದ ಹಣ ಅದು, ಸರಿಯಾದ ಹೆಸರಿನ ಖಾತೆಯಲ್ಲಿ ಇರಲಿ. ವಿದೇಶಿ ಹಣವನ್ನು ಹಾಗೇ ಇಟ್ಟುಕೊಳ್ಳಬೇಕು ಅನ್ನುವವರಿಗೆ ಆರ್‌ಎಫ್‌ಸಿ ಖಾತೆ ಇದೆ. ಇನ್ನು ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದವರಿಗೆ, ಬಂದ ಕೂಡಲೇ ಹೊರಗಿನ ಆದಾಯಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಆರ್‌ಎನ್‌ಒಆರ್ ಅನ್ನುವುದು ಇದಕ್ಕೇ. ಎರಡು ಮೂರು ವರ್ಷ ಸಮಯ ಸಿಗುತ್ತದೆ. ಅಷ್ಟರೊಳಗೆ ಅಲ್ಲಿನ ಠೇವಣಿಗಳನ್ನು ಮುಗಿಸಿಕೊಳ್ಳಬಹುದು. ಒಬ್ಬ ಒಳ್ಳೆಯ ಸಿಎ ಹತ್ತಿರ ಒಂದು ಗಂಟೆ ಕೂತರೆ ಇದೆಲ್ಲ ನಮ್ಮ ಲೆಕ್ಕಕ್ಕೆ ಹೇಗೆ ಅಂತ ತಿಳಿಯುತ್ತದೆ.

ದುಡಿಮೆ ವಿಷಯದಲ್ಲಿ ನಾನೂ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದೆವು: ಒಂದು ಮಳೆಗಾಲ ಕಳೆಯುವ ತನಕ ಎಲ್ಲೂ ದುಡ್ಡು ಹಾಕುವುದಿಲ್ಲ. ಗಲ್ಫ್‌ನಿಂದ ಬಂದ ಅಂದ ಕೂಡಲೇ ಜನ ಬರುತ್ತಾರೆ. ಸಿಗಡಿ ಕೆರೆ, ಬೆಂಗಳೂರಲ್ಲಿ ಹೋಟೆಲು, ಹೈವೇ ಪಕ್ಕದ ಸೈಟು, ಹೋಮ್‌ಸ್ಟೇ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ, "ಮಳೆ ಮುಗೀಲಿ, ನೋಡ್ವ." ಆ ಮಳೆಗಾಲದಲ್ಲಿ ನಮ್ಮ ಮನೆಗೆ ತಿಂಗಳಿಗೆ ನಿಜವಾಗಿ ಎಷ್ಟು ಖರ್ಚು ಅಂತ ತಿಳಿಯಿತು. ರಜೆಯ ತಿಂಗಳಿನ ಖರ್ಚಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ಎಸಿ ಕೆಲಸ ಮಾಡಿದವನು, ಇಲ್ಲೂ ಅದನ್ನೇ ಹಿಡಿದೆ. ಸಮುದ್ರದ ಉಪ್ಪು ಗಾಳಿಗೆ ಹೊರಗಿನ ಯೂನಿಟ್‌ನ ಕಾಯಿಲ್ ಬೇಗ ತಿಂದುಹೋಗುತ್ತದೆ, ಹಾಗಾಗಿ ಸರ್ವಿಸ್ ಕೆಲಸಕ್ಕೆ ಬರವಿಲ್ಲ. ಫೆಬ್ರವರಿಯಿಂದ ಮೇ ತನಕ ಉಸಿರಾಡಲು ಪುರುಸೊತ್ತಿಲ್ಲ, ಮಳೆ ಹಿಡಿದರೆ ಫೋನೇ ಇಲ್ಲ. ವರ್ಷದ ಆ ಏರಿಳಿತಕ್ಕೆ ಮನೆಯ ಖರ್ಚನ್ನು ಹೊಂದಿಸಿಕೊಂಡೆವು.

ಮಕ್ಕಳ ಮೇಲೆ ಹೆಚ್ಚು ಗಮನ ಬೇಕಾಯಿತು. ಮನೆಯಲ್ಲಿ ನಮ್ಮ ಕುಂದಾಪ್ರ ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. 2015ರ ಕಾಯ್ದೆಯಿಂದ ಇಲ್ಲಿ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಕಲಿಯಬೇಕು. ಬರುವ ಹಿಂದಿನ ವರ್ಷವೇ ಹೆಂಡತಿ ದಿನಾ ಅರ್ಧ ಗಂಟೆ ಕೂರಿಸಿ ಅಕ್ಷರ, ಕಾಗುಣಿತ ಹೇಳಿಕೊಟ್ಟಳು. ಒತ್ತಕ್ಷರ ಮಾತ್ರ ಹತ್ತಿರಲಿಲ್ಲ. ಅದನ್ನು ಕಲಿಸಿದ್ದು ಬಸ್ ಸ್ಟ್ಯಾಂಡು. ಬಸ್ರೂರು, ಸಿದ್ದಾಪುರ, ಕೊಲ್ಲೂರು ಅಂತ ಬಸ್ಸು ಬಂದು ನಿಲ್ಲುವುದರೊಳಗೆ ಬೋರ್ಡ್ ಓದಬೇಕು. ಮೊದಲು ಓದಿದವರಿಗೆ ಕಿಟಕಿ ಸೀಟು. ಟಿಸಿಗೆ ಬೇಕಾದ ಮುದ್ರೆಗಳನ್ನೆಲ್ಲ ದುಬೈಯಲ್ಲೇ ಹಾಕಿಸಿಕೊಂಡು ಬಂದಿದ್ದರಿಂದ ಶಾಲೆಗೆ ಸೇರಿಸುವುದು ಸುಲಭ ಆಯಿತು.

ಎಲ್ಲಕ್ಕಿಂತ ನಿಧಾನವಾಗಿ ಬದಲಾದದ್ದು ಜನರ ಜೊತೆಗಿನ ಸಂಬಂಧ. ತಿಂಗಳುಗಳು ಕಳೆದರೂ ಅಂಗಡಿಯಲ್ಲಿ, ಡೈರಿಯಲ್ಲಿ ಒಂದೇ ಪ್ರಶ್ನೆ, "ಎಂತ ಮಾರಾಯ, ಯಾವಾಗ ಹೋಪ್ದ್?" ಇಷ್ಟು ವರ್ಷ ನಾನು ಬರುತ್ತಿದ್ದದ್ದು ಮದುವೆಗೆ, ಗೃಹಪ್ರವೇಶಕ್ಕೆ. ಊರಿನ ಸಾವು ನೋವಿಗೆಲ್ಲ ಫೋನ್‌ನಲ್ಲೇ ಎರಡು ಮಾತು. ಅಪ್ಪ ಹೋದಾಗ ನಾನು ಬಂದು ಮುಟ್ಟುವ ಮೊದಲು ಎಲ್ಲ ಕೆಲಸ ಮಾಡಿದವರು ಈ ನೆರೆಯವರೇ ಅಲ್ವಾ? ಅದು ನನ್ನ ಮನಸ್ಸಿನಲ್ಲಿ ಸದಾ ಇತ್ತು. ಹಾಗಾಗಿ ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೋಗುವುದು ಅಂತ ಇಟ್ಟುಕೊಂಡೆ. ಕಟ್ಟಿಗೆ ಹೊರುವುದು, ಬೊಜ್ಜಕ್ಕೆ, ಅಂದರೆ ಸತ್ತವರ ಉತ್ತರಕ್ರಿಯೆಗೆ, ಕುರ್ಚಿ ಹಾಕುವುದು, ಆಸ್ಪತ್ರೆಗೆ ರಾತ್ರಿ ಕಾರು ತೆಗೆಯುವುದು. ಆ ಪ್ರಶ್ನೆ ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ.

ಅಣ್ಣನ ಜೊತೆ ಮಾತೂ ಹಾಗೇ, ಅವಸರ ಮಾಡಲಿಲ್ಲ. ದುಡ್ಡು ಕಳಿಸಿದ್ದು ನಾನು ನಿಜ. ಅಮ್ಮನನ್ನು, ಗದ್ದೆಯನ್ನು ನೋಡಿಕೊಂಡದ್ದು ಅವನು. ಎರಡನ್ನೂ ತೂಗಲು ತಕ್ಕಡಿ ಇಲ್ಲ. ಮೊದಲು ಅಪ್ಪನ ಮರಣ ಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿದೆವು, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಮ್ಮ, ನಾವಿಬ್ಬರು, ತಂಗಿ, ಎಲ್ಲರ ಹೆಸರೂ ಆರ್‌ಟಿಸಿಗೆ ಬಂತು. ತಂಗಿಗೆ ಬೇಡ ಅಂತ ಬರೆಸಿಕೊಳ್ಳಿ ಅಂದವರೂ ಇದ್ದರು. ಮಗಳಿಗೂ ಮಗನಷ್ಟೇ ಹಕ್ಕು, ಅಣ್ಣನೂ ಅದನ್ನೇ ಹೇಳಿದ. ಈಗ ಪಾಲು ಮಾಡಿಕೊಳ್ಳಲು 11ಇ ನಕ್ಷೆಗೆ, ಅಂದರೆ ಒಬ್ಬೊಬ್ಬರ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆಗೆ, ಅರ್ಜಿ ಹಾಕಿದ್ದೇವೆ. ಬೈಲಿನಲ್ಲಿ ನೀರು ಇಳಿದ ಮೇಲೆ ಸರ್ವೆಯವರು ಬರುತ್ತಾರೆ. ಮೇಲಿನ ತೋಟ ಅಣ್ಣನಿಗೇ ಇರಲಿ ಅಂತ ನಾನೂ ತಂಗಿಯೂ ಮೊದಲೇ ಹೇಳಿಬಿಟ್ಟಿದ್ದೇವೆ. ಅಲ್ಲಿನ ಅಡಿಕೆ ಸಸಿ ಅವನೇ ನೆಟ್ಟದ್ದು.