ಗರಗಸದ ಹಲ್ಲಿನ ಗ್ರಾಫ್

ಹಕ್ಕಿಗಳ ಲೆಕ್ಕ ನೋಡುವುದೇ ಈಗ ನನ್ನ ಹೊಟ್ಟೆಪಾಡು. ಶುರುವಾದದ್ದು ಕುಂಬಳೆ ಹತ್ತಿರದ ಶಿರಿಯಾ ಅಳಿವೆಯಲ್ಲಿ. ಆಗ ಬಿಎಸ್ಸಿ ಓದುತ್ತಿದ್ದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಪ್ರತಿ ಭಾನುವಾರ ಬೆಳಿಗ್ಗೆ 7ಕ್ಕೆ ಹೋಗಿ ಸ್ಯಾಂಡ್ ಪ್ಲವರ್ ಅನ್ನುವ ಪುಟ್ಟ ವಲಸೆ ಹಕ್ಕಿಗಳನ್ನು ಎಣಿಸಿ, ಹಕ್ಕಿ ನೋಡುವವರು ಪಟ್ಟಿ ಹಾಕುವ ಈಬರ್ಡ್ ಜಾಲತಾಣಕ್ಕೆ ಹಾಕುತ್ತಿದ್ದೆ.

ಅಂಕಿಅಂಶಕ್ಕೆ ಬಳಸುವ 'ಆರ್' ಅನ್ನುವ ಕಂಪ್ಯೂಟರ್ ಭಾಷೆ ಕಲಿಯೋಣ ಅಂತ ಅದೇ ಲೆಕ್ಕವನ್ನು ಗ್ರಾಫ್ ಮಾಡಿದೆ. ಗರಗಸದ ಹಲ್ಲು! ಒಂದು ವಾರ ಇನ್ನೂರು ಹಕ್ಕಿ, ಮುಂದಿನ ವಾರ ಮೂವತ್ತು, ಮತ್ತೆ ಇನ್ನೂರು. ಹದಿನೈದು ದಿನಕ್ಕೊಮ್ಮೆ ಎಲ್ಲಿಗೋ ಹೋಗಿ ಬರುತ್ತವೆ ಅಂತ ಕಥೆ ಕಟ್ಟಿ ಸೆಮಿನಾರಿನಲ್ಲಿ ಹೇಳಿಯೂ ಬಿಟ್ಟೆ. ಯಾರೂ ಪ್ರಶ್ನೆ ಕೇಳಲಿಲ್ಲ, ಅದೇ ಬೇಜಾರು.

ಗಂಟು ಬಿಡಿಸಿದವರು ಅಳಿವೆಯಲ್ಲಿ ಬೀಸುಬಲೆ ಹಾಕುವ ಒಬ್ಬ ಅಣ್ಣ. "ಇಳಿತಕ್ಕೆ ಬಂದ್ರೆ ಹಕ್ಕಿ ಎಲ್ಲಿ ಸಿಗ್ತದೆ ಮಾರಾಯ? ಕೆಸರಿಡೀ ಚದುರಿ ಮೇಯ್ತಾ ಇರ್ತವೆ. ಭರತಕ್ಕೆ ಬಾ, ಆ ದಿಬ್ಬದಲ್ಲಿ ಎಲ್ಲ ಒಟ್ಟಿಗೆ ಕೂತಿರ್ತವೆ."

ಕಡಲಿನ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಹತ್ತಿರಹತ್ತಿರ ಆರು ಗಂಟೆ. ಈ ಭಾನುವಾರ ಏಳಕ್ಕೆ ಭರತ ಇದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿತ. ನನ್ನ ಗ್ರಾಫಿನಲ್ಲಿ ಕುಣಿದದ್ದು ಚಂದ್ರ!

ಮಂಗಳೂರು ಬಂದರಿನ ಭರತದ ಪಟ್ಟಿ ಹುಡುಕಿ, ಪ್ರತಿ ಎಣಿಕೆಯ ಪಕ್ಕ 'ಭರತದಿಂದ ಎಷ್ಟು ಗಂಟೆ ಆಚೀಚೆ' ಅಂತ ಒಂದು ಕಾಲಂ ಸೇರಿಸಿದೆ. ಹಲ್ಲುಗಳು ಬಹುಪಾಲು ಸವೆದವು. ಏಪ್ರಿಲ್ ಹೊತ್ತಿಗೆ ಮೆಲ್ಲಗೆ ಇಳಿಯುವ ಗೆರೆ ಉಳಿಯಿತು. ಉತ್ತರಕ್ಕೆ ಹೊರಟ ಹಕ್ಕಿಗಳದ್ದು.

ಮೊದಲ ಕೆಲಸದ ಸಂದರ್ಶನಕ್ಕೆ ಆ ತಪ್ಪು ಗ್ರಾಫನ್ನೇ ಒಯ್ದಿದ್ದೆ. ಕೆಲಸ ಸಿಕ್ಕಿತು. ಇದರಲ್ಲಿ ಮಾಡೆಲ್ ಕಟ್ಟುವುದು ಸ್ವಲ್ಪ, ಕಸ ಹೆಕ್ಕುವುದೇ ಜಾಸ್ತಿ. ಜನ ಈಬರ್ಡ್‌ಗೆ ಹಾಕಿದ್ದರಲ್ಲಿ, ಹಕ್ಕಿ ಕಂಡಿತು ಆದರೆ ಎಣಿಸಲಿಲ್ಲ ಅಂತ ಸಂಖ್ಯೆಯ ಬದಲು ಸುಮ್ನೆ 'ಎಕ್ಸ್' ಒತ್ತಿದ ಪಟ್ಟಿಗಳಿರುತ್ತವೆ. ಕಂಡದ್ದನ್ನೆಲ್ಲ ಬರೆಯದ ಪಟ್ಟಿಗಳೂ ಇರುತ್ತವೆ. ಅಂಥದ್ದರಲ್ಲಿ ಹಕ್ಕಿಯ ಹೆಸರಿಲ್ಲ ಅಂದ ಮಾತ್ರಕ್ಕೆ ಸೊನ್ನೆ ಹಾಕುವ ಹಾಗಿಲ್ಲ ಅಲ್ವಾ? ಇನ್ನು ಹೆಸರಿನ ರಗಳೆ ಬೇರೆ. ಲೆಸ್ಸರ್ ಸ್ಯಾಂಡ್ ಪ್ಲವರನ್ನು ಟಿಬೆಟನ್, ಸೈಬೀರಿಯನ್ ಅಂತ ಎರಡು ಜಾತಿ ಮಾಡಿದರು. ಹೊಸ ಪಟ್ಟಿಗಳಲ್ಲಿ ಹಳೇ ಹೆಸರು ಹುಡುಕಿದರೆ ನಮ್ಮ ಕರಾವಳಿಯಿಂದ ಹಕ್ಕಿಯೇ ಮಾಯ!

1987ರಿಂದ ನಡೆಯುತ್ತಿರುವ ಏಷ್ಯಾದ ನೀರಹಕ್ಕಿ ಗಣತಿಗೆ ಜನವರಿಯಲ್ಲಿ ಈಗಲೂ ಊರಿಗೆ ಬರುತ್ತೇನೆ. ಹಿಂದಿನ ರಾತ್ರಿ ಅಣ್ಣನಿಗೊಂದು ಫೋನ್. ಬಂದರಿನಲ್ಲಿ ನೀರು ಏರುವುದಕ್ಕೂ ಹೊಳೆಯೊಳಗೆ ಏರುವುದಕ್ಕೂ ಹೊತ್ತಿನ ವ್ಯತ್ಯಾಸ ಇದೆ. ಅದು ಭರತದ ಹೊತ್ತು ಹೇಳುವ ಆ್ಯಪಿಗೆ ಗೊತ್ತಿಲ್ಲ, ಅವರಿಗೆ ಗೊತ್ತು.