ಥೊನ್‌ಬುರಿ ಕಾಲುವೆಗಳಲ್ಲಿ ದೋಣಿ ಹಿಡಿದು ಬೌದ್ಧ ವಿಹಾರ ನೋಡುವುದು

ಬ್ಯಾಂಕಾಕಿಗೆ ಬಂದವರು ವಾಟ್ ಅರುಣ್ (ವಾಟ್ ಎಂದರೆ ಬೌದ್ಧ ವಿಹಾರ) ನೋಡಿ, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಅದರ ಬೆನ್ನಿಗೇ ಇರುವ ಥೊನ್‌ಬುರಿಯ ಕಾಲುವೆಗಳಿಗೆ ಇಳಿಯುವವರು ಕಡಿಮೆ. ಕಾಲುವೆ ಎಂದು ಕರೆದರೂ ಬ್ಯಾಂಕಾಕ್ ಯಾಯ್ ಮತ್ತು ಬ್ಯಾಂಕಾಕ್ ನೋಯ್ ಯಾರೂ ತೋಡಿದವಲ್ಲ. ಅವು ಚಾವೊ ಫ್ರಾಯಾ ನದಿಯ ಹಳೆಯ ಪಾತ್ರ. 16ನೇ ಶತಮಾನದಲ್ಲಿ ಆಗಿನ ರಾಜಧಾನಿ ಅಯುತ್ಥಯದ ಅರಸರು ಸುತ್ತುದಾರಿ ತಪ್ಪಿಸಲು ಅಡ್ಡಲಾಗಿ ತೋಡಿಸಿದ್ದು ಹಿಗ್ಗುತ್ತಾ ಇಂದಿನ ನದಿಯಾಯಿತು, ಹಳೆಯ ನದಿ ಸೊರಗಿ ಕಾಲುವೆಯಾಯಿತು. ಹಳೆಯ ವಿಹಾರಗಳು ಆ ದಂಡೆಯಲ್ಲಿ ನೀರಿಗೆ ಮುಖಮಾಡಿ ನಿಂತಿರುವುದು ಇದಕ್ಕೇ. ರಸ್ತೆಯಿಂದ ಹೋದರೆ ಹಿತ್ತಲ ಬಾಗಿಲಿಂದ ಹೊಕ್ಕ ಹಾಗೆ.

ದೋಣಿ ಸಿಗುವುದು ತಾ ಚಾಂಗ್, ತಾ ತಿಯೆನ್ ಸುತ್ತಲಿನ ಧಕ್ಕೆಗಳಲ್ಲಿ. ಉದ್ದಬಾಲದ ದೋಣಿ, ಥಾಯ್‌ನಲ್ಲಿ 'ರುವಾ ಹಾಂಗ್ ಯಾವ್'. ಬಾಡಿಗೆ ದೋಣಿಗೆ, ತಲೆಗಲ್ಲ. ಗಂಟೆಗೆ ಸಾವಿರ ಬಾತ್ ಮೇಲೆಯೇ ಕೇಳುತ್ತಾರೆ. ಹಾಗಾಗಿ ನಾಲ್ಕೈದು ಜನ ಸೇರಿದರೆ ಮಾತ್ರ ಗಿಟ್ಟುತ್ತದೆ. ಚೌಕಾಸಿ ಮಾಡುವಾಗ ಬೆಲೆಗಿಂತ ಮುಖ್ಯವಾದದ್ದು ಎಷ್ಟು ಕಡೆ ಇಳಿಸುತ್ತಾರೆ, ಕಾಯುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದು. ಇದನ್ನು ಮಾತಾಡದೆ ಹತ್ತಿದರೆ ಒಂದು ಗಂಟೆ ಸುತ್ತಿಸಿ, ವಿಹಾರಗಳನ್ನು ದೂರದಿಂದಲೇ ಬೆರಳು ತೋರಿಸಿ ಮುಗಿಸುತ್ತಾರೆ. ಇಳಿಯಬೇಕಾದ ಜಾಗಗಳ ಹೆಸರನ್ನು ಥಾಯ್ ಲಿಪಿಯಲ್ಲಿ ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ. 'ಸುವನ್ನಾರಾಮ್' ನಮಗೆ ಸುವರ್ಣಾರಾಮ, 'ಕಲ್ಯಾಣಮಿತ್' ಕಲ್ಯಾಣಮಿತ್ರ ಎಂದು ಅರ್ಥವೇನೋ ಆಗುತ್ತದೆ, ಆದರೆ ನಮ್ಮ ಉಚ್ಚಾರಣೆ ಅವರಿಗೆ ಅರ್ಥವಾಗುವುದಿಲ್ಲ. ಮೂರು ಕಡೆ ಇಳಿಯಲು ಮೂರು ಗಂಟೆ ಬೇಕು.

ಎಲ್ಲಕ್ಕೂ ಮೇಲಿನ ಯಜಮಾನ ನೀರಿನ ಮಟ್ಟ. ಇಲ್ಲಿ ನದಿಯಲ್ಲಿ ಸಮುದ್ರದ ಉಬ್ಬರವಿಳಿತ ಇದೆ, ಕಾಲುವೆಯ ಬಾಯಿಗಳಲ್ಲಿ ನೀರು ತಡೆಯುವ ಬಾಗಿಲುಗಳಿವೆ. ಬಾಗಿಲು ತೆರೆಯುವವರೆಗೆ ದೋಣಿಗಳು ಸಾಲಾಗಿ ಕಾಯಬೇಕು. ಉಬ್ಬರ ಹೆಚ್ಚಾದರೆ ತಗ್ಗು ಸೇತುವೆಗಳಡಿ ದೋಣಿಯ ಚಾವಣಿ ನುಸುಳುವುದಿಲ್ಲ, ಅಂಬಿಗ ಬೇರೆ ಕಾಲುವೆ ಹಿಡಿಯುತ್ತಾನೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದು ಮಾಮೂಲು. ಮೋಸ ಎಂದು ಜಗಳಕ್ಕೆ ಇಳಿಯಬೇಡಿ. ಹೊರಡುವ ಮೊದಲೇ 'ಇವತ್ತು ಸುತ್ತು ಪೂರಾ ಆಗುತ್ತದಾ' ಎಂದು ಕೇಳುವುದು ಲೇಸು.

ಹತ್ತುವಾಗ ಒಬ್ಬೊಬ್ಬರೇ, ಹೆಜ್ಜೆ ದೋಣಿಯ ನಟ್ಟನಡುವೆ. ಕೈಯನ್ನು ಅಂಚಿನ ಹೊರಗೆ ಇಡಲೇಬಾರದು: ದೋಣಿ ಹೊಯ್ದಾಡಿ ಧಕ್ಕೆಗೆ ಬಡಿದಾಗ ಬೆರಳು ನಡುವೆ ಸಿಕ್ಕಿಬಿಡುತ್ತದೆ. ಹಿಂಬದಿಯಲ್ಲಿ ಕೂತರೆ ಕಿವಿ ಹೋಗುತ್ತದೆ, ಏಕೆಂದರೆ ಅಲ್ಲಿ ತಿರುಗುವ ಕಂಬದ ಮೇಲೆ ಕೂರಿಸಿರುವುದು ಕಾರು ಅಥವಾ ಲಾರಿಯ ಎಂಜಿನ್. ಅದಕ್ಕೇ ನೇರ ಜೋಡಿಸಿದ ಉದ್ದನೆಯ ಸರಳು, ಸರಳಿನ ತುದಿಗೆ ಪುಟ್ಟ ಪಂಖ. ಅಂತರಗಂಗೆಯೋ ಪ್ಲಾಸ್ಟಿಕ್ಕೋ ಪಂಖಕ್ಕೆ ಸುತ್ತಿಕೊಂಡರೆ ಅಂಬಿಗ ಎಂಜಿನ್ ಸಮೇತ ಸರಳನ್ನು ತಿರುಗಿಸಿ ನೀರಿನಿಂದ ಮೇಲೆತ್ತಿ ಬಿಡಿಸುತ್ತಾನೆ. ಮುಂದುಗಡೆ ನೀರು ಎರಚುತ್ತದೆ. ನಡುವಿನ ಸಾಲೇ ಸರಿ, ಮೊಬೈಲು ಪ್ಲಾಸ್ಟಿಕ್ ಚೀಲದಲ್ಲಿ.

ಬೆಳಿಗ್ಗೆ ಹೊರಟರೆ ಬ್ಯಾಂಕಾಕ್ ನೋಯ್ ಕಡೆಯಿಂದ ಹೊಗುವುದು ನನ್ನ ಕ್ರಮ. ರಾಜದೋಣಿಗಳ ಮ್ಯೂಸಿಯಂ ಮೊದಲು ಸಿಗುತ್ತದೆ, ಹೊತ್ತು ಕಡಿಮೆ ಇದ್ದರೆ ಬಿಡಿ. ವಾಟ್ ಸುವನ್ನಾರಾಮ್ ಮಾತ್ರ ಬಿಡಬಾರದು. ಅಲ್ಲಿನ ಉಪೋಸಥ ಮಂದಿರ (ಭಿಕ್ಷುಗಳು ದೀಕ್ಷೆ ಮುಂತಾದ ವಿಧಿಗಳಿಗೆ ಸೇರುವ ಜಾಗ), ಜನರ ಬಾಯಲ್ಲಿ 'ಬೋತ್', ಬೀಗ ಹಾಕಿದ್ದರೆ ಅಂಗಳದಲ್ಲಿರುವ ಭಿಕ್ಷುವನ್ನೋ ಕೆಲಸದವರನ್ನೋ ಕೈಮುಗಿದು ಕೇಳಿ. ಒಳಗೆ 3ನೇ ರಾಮ ಅರಸನ ಕಾಲದ, ಅಂದರೆ 19ನೇ ಶತಮಾನದ ಮೊದಲ ಅರ್ಧದ ಭಿತ್ತಿಚಿತ್ರಗಳಿವೆ. ಕಿಟಕಿಗಳ ನಡುವಿನ ಗೋಡೆಗಳಲ್ಲಿ ಬುದ್ಧನ ಕೊನೆಯ ಹತ್ತು ಜನ್ಮಗಳ ಜಾತಕ ಕಥೆಗಳು. ನೇಮಿ ಜಾತಕ ಬರೆದವನು ಥೋಂಗ್‌ಯು, ಮಹೋಸಧ ಜಾತಕ ಬರೆದವನು ಖೋಂಗ್ ಪೇ. ಇಬ್ಬರೂ ಪೈಪೋಟಿಗೆ ಬಿದ್ದು ಬರೆದರು ಎಂಬ ಮಾತಿದೆ. ನೇಮಿಯ ರಥ ನರಕದ ಮೇಲೆ ಸಾಗುವ ಭಾಗದ ಮುಂದೆ ಹತ್ತು ನಿಮಿಷ ನಿಲ್ಲಿ. ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣ ಇದು, ಗಾರೆಯೊಳಗೆ ಇಳಿದಿಲ್ಲ. ಕಾಲುವೆಯ ತೇವ ಗೋಡೆ ಹತ್ತಿ ಉಪ್ಪು ಉಬ್ಬಿಸಿದರೆ ಬಣ್ಣ ಹಕ್ಕಳೆಯಾಗಿ ಉದುರುತ್ತದೆ. ಬೆರಳು ತಾಕಿಸಬೇಡಿ, ಫ್ಲಾಷ್ ಬೇಡ.

ಅಲ್ಲಿಂದ ತೆಂಕಕ್ಕೆ ಇಳಿದರೆ ಮನೆಗಳ ಮಾಡಿನ ಮೇಲಿಂದ ವಾಟ್ ಪಾಕ್ನಾಮ್‌ನ 69 ಮೀಟರ್ ಬುದ್ಧ ಎದ್ದು ಕಾಣುತ್ತಾನೆ. ಅದು 2021ರಲ್ಲಿ ಮುಗಿದ ಹೊಸ ಮೂರ್ತಿ, ವಿಹಾರವೇನೋ ಅಯುತ್ಥಯ ಕಾಲದ್ದು. ಪಕ್ಕದ ಬಿಳಿ ಚೈತ್ಯದ ಮೇಲಂತಸ್ತಿನಲ್ಲಿ ಹಸಿರು ಗಾಜಿನ ಸ್ತೂಪ ಇದೆ. ಜನಜಂಗುಳಿ ಇರುತ್ತದೆ. ದೋಣಿ ಸಿಗದಿದ್ದರೆ ಬಾಂಗ್ ಫೈ ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು. ವಿಹಾರಗಳ ಮುಂದಿನ ನೀರಿನಲ್ಲಿ ಮೀನು ಹಿಡಿಯುವಂತಿಲ್ಲ, ಅಲ್ಲಿ ದೊಡ್ಡ ಮೀಸೆಮೀನುಗಳು ಗುಂಪುಗಟ್ಟುತ್ತವೆ. ದೋಣಿಯಲ್ಲಿ ಬ್ರೆಡ್ ಮಾರುವವರು ಬಂದೇ ಬರುತ್ತಾರೆ, ಕೊಳ್ಳಲೇಬೇಕೆಂದಿಲ್ಲ.

ಬ್ಯಾಂಕಾಕ್ ಯಾಯ್ ಕಾಲುವೆಯ ಬಾಯಲ್ಲಿ ವಾಟ್ ಕಲ್ಯಾಣಮಿತ್. 1825ರಲ್ಲಿ ಕಟ್ಟಿದ್ದು, ಒಳಗೆ 15 ಮೀಟರ್ ದಾಟಿದ ಕುಳಿತ ಬುದ್ಧ. ಚೀನಿ ಮೂಲದವರು ನಡೆದುಕೊಳ್ಳುವ ದೇವರು. ಇಲ್ಲಿ ದೋಣಿ ಬಿಟ್ಟುಬಿಟ್ಟರೆ ಬಾಡಿಗೆಯ ಅರ್ಧ ಗಂಟೆ ಉಳಿಯುತ್ತದೆ.

ಬಟ್ಟೆ ಭುಜ, ಮೊಣಕಾಲು ಮುಚ್ಚಬೇಕು. ಚಪ್ಪಲಿ ಬಿಚ್ಚಲು ಸುಲಭವಾದದ್ದಿರಲಿ. ಮೂರ್ತಿಯ ಕಡೆ ಕಾಲು ಚಾಚಿ ಕೂರಬಾರದು, ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಸಸ್ಯಾಹಾರಿಗಳು ಊಟದಂಗಡಿಯಲ್ಲಿ 'ಜೇ' ಎಂದು ಕೇಳಿ. ಹಳದಿ ಬಾವುಟದಲ್ಲಿ ಕೆಂಪಾಗಿ ಅದೇ ಅಕ್ಷರ ಬರೆದಿರುತ್ತದೆ. ಅಲ್ಲಿ ಮೀನಿನ ಸಾಸ್ ಹಾಕುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.